ಭಾವ ಹೊದಿಸಿದ ಹೆಂಚು

ಕೇಸು ಮುಗಿಯುವ ತನಕ ಗಿರಣಿಯವಳನ್ನು ಹೊರಗೆ ಹಾಕಬಾರದು ಎಂದು ಕೋರ್ಟು ಹೇಳಿದ್ದು ಮಂಗಳವಾರ. ಗುರುವಾರ ಬೆಳಿಗ್ಗೆ ಅವಳ ಭಾವ, ಅಂದರೆ ಗಂಡನ ಅಣ್ಣ, ಏಣಿ ತಂದು ಗಿರಣಿಯ ಹೆಂಚನ್ನೆಲ್ಲ ಇಳಿಸಿದ.

ಕಟ್ಟಡ ಅವನದು. ಅಪ್ಪ ಅವನ ಹೆಸರಿಗೆ ಬರೆದಿಟ್ಟು ಹೋಗಿದ್ದ. ಅದರಲ್ಲಿ ಹನ್ನೊಂದು ವರ್ಷದಿಂದ ಹಿಟ್ಟಿನ ಗಿರಣಿ ನಡೆಸುತ್ತಿದ್ದವಳು ಅವಳು. ಲೈಸೆನ್ಸೂ ಅವಳ ಹೆಸರಿನಲ್ಲೇ ಇತ್ತು. ಗಂಡ ಮೋಟಾರು ನೋಡಿಕೊಳ್ಳುತ್ತಿದ್ದ. ಗಿರಣಿ ಖಾಲಿ ಮಾಡಿ ಎಂದು ಭಾವ ಹಟ ಹಿಡಿದಾಗ, ಅಣ್ಣನ ಎದುರು ಕೋರ್ಟಿನಲ್ಲಿ ನಿಲ್ಲುವುದು ತನ್ನಿಂದಾಗದು ಎಂದು ಗಂಡ ಅಂದಿದ್ದಕ್ಕೆ ಅವಳೇ ನಿಂತಿದ್ದಳು.

ಹೆಂಚು ಹೊದಿಸುವುದೇ ಭಾವನ ಕಸುಬು. ಇಳಿಸುವಾಗಲೂ ಒಂದು ಹೆಂಚಿನ ಮೂಲೆ ಮುಕ್ಕಾಗಲಿಲ್ಲ. ಅಂಗಳದಲ್ಲಿ ಎಲ್ಲವನ್ನೂ ಅಂಚಿನ ಮೇಲೆ ನಿಲ್ಲಿಸಿ ಸಾಲು ಸಾಲಾಗಿ ಜೋಡಿಸಿಟ್ಟ. ಅವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, "ಏನ್ ಭಾವ ಇದು?" ಎಂದು ಕೂಗಿದಳು.

"ಹೊರಗೆ ಹಾಕಬೇಡ ಅಂದ್ರು, ಹಾಕಿದ್ನಾ? ನೀನು ಒಳಗೇ ಇರು. ಹೆಂಚು ನಂದು. ಬಿಸಿಲಿಗೆ ಒಣಗಿಸ್ತಿದ್ದೀನಿ."

ಹಿಟ್ಟಿಗೆ ಬಂದವರಲ್ಲಿ ಒಬ್ಬಿಬ್ಬರು ನಕ್ಕರು. ಶನಿವಾರ ಮಳೆ ಹುಯ್ಯಿತು. ಬೀಸುವ ಕಲ್ಲು ನೆನೆಯಿತು, ಬೆಲ್ಟು ಉಬ್ಬಿತು, ಊರವರ ಗೋಧಿ ಚೀಲದಲ್ಲೇ ಮೊಳಕೆಯೊಡೆಯಿತು. ಅವಳು ಮೊಳಕೆ ಬಂದ ಗೋಧಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ತನ್ನ ವಕೀಲನ ಮನೆಗೆ ಹೋಗಿ, ಅವನ ಮೇಜಿನ ಮೇಲೆ ಸುರಿದಳು.

ನ್ಯಾಯಾಂಗ ನಿಂದನೆಯ ಅರ್ಜಿ ವಿಚಾರಣೆಗೆ ಬಂದ ದಿನ ನ್ಯಾಯಾಧೀಶರು ಕಾಗದ ಓದಿ, ಕನ್ನಡಕ ತೆಗೆದು, ಭಾವನನ್ನು ನೋಡಿದರು.

"ಒಣಗಿತಾ?"

"ಏನು ಮಹಾಸ್ವಾಮಿ?"

"ಹೆಂಚು."

ಭಾವ ಕ್ಷಮಾಪಣೆ ಬರೆದುಕೊಡಬೇಕು, ಹದಿನೈದು ದಿನದೊಳಗೆ ಸೂರನ್ನು ಮೊದಲಿದ್ದ ಹಾಗೆ ಹೊದಿಸಬೇಕು, ಕೋರ್ಟಿನ ಅಮೀನರು ಹೋಗಿ ನೋಡಬೇಕು, ಸರಿಯಾಗಿದೆ ಎಂದು ಗಿರಣಿಯವಳೂ ಸಹಿ ಮಾಡಬೇಕು; ತಪ್ಪಿದರೆ ಒಂದು ತಿಂಗಳು ಜೈಲು ಎಂದು ಆಜ್ಞೆಯಾಯಿತು.

ಜಗಲಿಯಲ್ಲಿ ವಕೀಲ ದನಿ ತಗ್ಗಿಸಿದ. "ಸಹಿ ನಿಮ್ಮ ಕೈಲಿದೆ ಅಮ್ಮ. ಒಂದು ತಿಂಗಳು ಒಳಗೆ ಕೂತು ಬಂದ್ರೆ ನಿಮ್ಮ ಭಾವನ ಬಿಸಿ ಇಳಿಯುತ್ತೆ."

ಅಂದಿನಿಂದ ಅವಳು ಆ ಒಂದು ತಿಂಗಳನ್ನೇ ಕನವರಿಸಿದಳು. ಕೋಪದಲ್ಲಿ ಮಾಡುವ ಕೆಲಸ ಎಲ್ಲಾದರೂ ಕೆಟ್ಟೇ ಕೆಡುತ್ತದೆ, ಒಂದು ತೊಟ್ಟು ಸೋರಿದರೆ ಸಾಕು ಎಂದು ಕಾದಳು. ಆದರೆ ಭಾವನ ಕೈಗೆ ಕೆಟ್ಟ ಕೆಲಸ ಬರುತ್ತಿರಲಿಲ್ಲ. ಒಂದೊಂದು ಹೆಂಚನ್ನೂ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೆ ಹಿಡಿದು, ಒಡಕು ಸದ್ದು ಬಂದದ್ದನ್ನು ಪಕ್ಕಕ್ಕಿಟ್ಟು, ಕೆಳಗಿನ ಸಾಲಿನಿಂದ ಮೇಲಕ್ಕೆ ಹೊದಿಸುತ್ತ ಹೋದ. ಹೆಂಚಿನಡಿಯ ಹುಳ ಹಿಡಿದ ಎರಡು ಮರದ ಪಟ್ಟಿಗಳನ್ನು ಹೇಳದೆ ಕೇಳದೆ ಬದಲಾಯಿಸಿದ. ಕೆಳಗಿನಿಂದ ಹೆಂಚು ಎತ್ತಿಕೊಟ್ಟವನು ಅವಳ ಗಂಡ.

"ಹೆಂಡತಿಗೆ ಒಂದು ಚೀಲ ಎತ್ತಿಕೊಡಿ ಅಂದ್ರೆ ಸೊಂಟನೋವು. ಅಣ್ಣನ ಮುಂದೆ ಸೊಂಟ ನೆಟ್ಟಗಾಯ್ತು!"

"ಅಣ್ಣ ಜೈಲಿಗೆ ಹೋದ್ರೆ ಚೆನ್ನಾಗಿರುತ್ತಾ?" ಎಂದ ಗಂಡ.

"ತುಂಬ ಚೆನ್ನಾಗಿರುತ್ತೆ."

ಗಡುವಿನ ಹಿಂದಿನ ದಿನ ಮಧ್ಯಾಹ್ನ ಅಮೀನರು ಬಂದರು. ವಯಸ್ಸಾದವರು. ಸ್ಕೂಟರಿನಿಂದ ಇಳಿದು, ಕಡತ ತೊಡೆಯ ಮೇಲಿಟ್ಟುಕೊಂಡು ಬಾಗಿಲ ಬಳಿಯ ಚೀಲದ ಮೇಲೆ ಕುಳಿತರು. ಸೂರಿನ ಮೇಲೆ ನೀರು ಬಿಟ್ಟು ನೋಡುವುದೆಂದಾಯಿತು. ಭಾವ ಪೈಪು ಸಿಕ್ಕಿಸಲು ಹಿತ್ತಲ ನಲ್ಲಿಗೆ ಹೋದ. ಗಿರಣಿಯೊಳಗೆ ಅವಳೊಬ್ಬಳೇ. ಬೆಲ್ಟು ಸರಿಸುವ ಉದ್ದನೆಯ ಕೋಲನ್ನು ಎತ್ತಿ, ಕಲ್ಲಿನ ನೇರಕ್ಕಿದ್ದ ಒಂದು ಹೆಂಚನ್ನು ಕೆಳಗಿನಿಂದ ತಿವಿದು ಓರೆ ಮಾಡಿದಳು. ಕೋಲು ಇಳಿಸಿ ತಿರುಗಿದರೆ ಒಳಬಾಗಿಲಲ್ಲಿ ಗಂಡ ನಿಂತಿದ್ದ. ಅವಳು ಅವನನ್ನೇ ದಿಟ್ಟಿಸಿದಳು. ಅವನು ತಲೆ ತಗ್ಗಿಸಿ ಹೊರಗೆ ಹೋದ.

ನೀರು ಬಿಟ್ಟರು. ತೊಟ್ಟು ತೊಟ್ಟಾಗಿ ನೇರ ಕಲ್ಲಿನ ಮೇಲೇ ಬಿತ್ತು.

"ಅಮೀನರೇ, ಬನ್ನಿ, ಕಣ್ಣಾರೆ ನೋಡಿ!"

ಭಾವ ಏಣಿ ಹತ್ತಿದ, ಗಂಡ ಕೆಳಗೆ ಅದನ್ನು ಹಿಡಿದು ನಿಂತ. ಭಾವ ಬಹಳ ಹೊತ್ತು ಅಲ್ಲೇ ಕುಕ್ಕರುಗಾಲಿನಲ್ಲಿದ್ದು ಇಳಿದು ಬಂದ.

"ಒಳಗಿಂದ ಎತ್ತಿದ್ದಾರೆ ಸಾರ್."

"ಗಾಳಿಗೆ ಎದ್ದಿರಬೇಕು," ಎಂದಳು ಅವಳು.

"ಗಾಳಿ ನಿನ್ನ ಗಿರಣಿಯೊಳಗಿಂದ ಬೀಸುತ್ತೇನೇ?" ಭಾವ ಅವಳ ಕಡೆ ಎರಡು ಹೆಜ್ಜೆ ನುಗ್ಗಿ, ತಡೆದುಕೊಂಡು, ಅಮೀನರತ್ತ ತಿರುಗಿದ. "ಜೈಲಿಗೆ ಹಾಕ್ಬೇಕಾ, ಹಾಕಿ ಸಾರ್. ಕೋರ್ಟಿನ ಮಾತು ಮೀರ್ದ ಅಂತ ಹಾಕಿ, ಕೊಬ್ಬು ಅಂತ ಹಾಕಿ. ಸೋರುತ್ತೆ ಅಂತ ಮಾತ್ರ ಬರೀಬೇಡಿ. ನಲವತ್ತು ವರ್ಷದಲ್ಲಿ ನಾನು ಹೊದಿಸಿದ್ದು ಯಾವುದೂ ಸೋರಿಲ್ಲ."

ಎಲ್ಲಿ ಹೊಡೆದರೆ ಇವನಿಗೆ ನೋವಾಗುತ್ತದೆ ಎಂದು ಅವಳಿಗೆ ಆಗ ತಿಳಿಯಿತು. ಜೈಲು ಏನೂ ಅಲ್ಲ.

"ಅದನ್ನೇ ಬರೀರಿ. ದೊಡ್ಡಕ್ಷರದಲ್ಲಿ ಬರೀರಿ. ಊರಿಗೆಲ್ಲ ಸೂರು ಹೊದಿಸೋರು ಹೊದಿಸಿದ ಸೂರು ಸೋರುತ್ತೆ, ಕೋರ್ಟು ಕಂಡಿದೆ ಅಂತ. ನಾನೇ ಅದರ ನಕಲು ತೆಗೆಸಿ ಬಾಗಿಲಿಗೆ ಅಂಟಿಸ್ತೀನಿ."

ಅಮೀನರು ಪೆನ್ನು ಬಿಚ್ಚಿದರು.

"ಬರೀಬೇಡಿ," ಎಂದ ಗಂಡ. ಅವನ ಕೈ ಇನ್ನೂ ಏಣಿಯ ಮೇಲಿತ್ತು. "ಕೋಲಿಂದ ಎತ್ತಿದ್ದು ಅವಳೇ. ನಾನು ನೋಡ್ದೆ."

ಪೈಪಿನ ನೀರು ಅಂಗಳದಲ್ಲಿ ಹರಿಯುತ್ತಲೇ ಇತ್ತು. ಯಾರೂ ನಿಲ್ಲಿಸಲಿಲ್ಲ.

"ನೋಡಿಯಮ್ಮ," ಎಂದರು ಅಮೀನರು ನಿಧಾನವಾಗಿ. "ಕೋರ್ಟಿನ ಕಣ್ಣಿಗೆ ಮಣ್ಣೆರಚಿದ್ರೆ ಅದಕ್ಕೂ ಜೈಲಿದೆ. ನಿಮ್ಮಿಬ್ಬರನ್ನೂ ಕೂರಿಸ್ಕೊಂಡು ಹೋಗೋಕೆ ನನ್ನ ಸ್ಕೂಟರಲ್ಲಿ ಜಾಗ ಇಲ್ಲ. ಆ ಹೆಂಚು ಕೂರಿಸಿ, ಇನ್ನೊಂದ್ಸಲ ನೀರು ಬಿಡಿ. ನಾನು ಬಂದಿದ್ದು ಈಗಲೇ ಅಂತ ಇಟ್ಕೊಳ್ಳಿ."

ಹೆಂಚು ಕೂರಿಸಿದರು, ನೀರು ಬಿಟ್ಟರು. ಅವಳು ಕಲ್ಲಿನ ಮೇಲೆ ಅಂಗೈ ಇಟ್ಟುಕೊಂಡು ಕಾದಳು. ಅಂಗೈ ಒಣಗಿಯೇ ಇತ್ತು. 'ಸೋರುವುದಿಲ್ಲ' ಎಂದು ಅಮೀನರು ಬರೆದ ಸಾಲಿನ ಕೆಳಗೆ, ಕಾಗದ ಹರಿಯುವ ಹಾಗೆ ಒತ್ತಿ ಸಹಿ ಮಾಡಿದಳು.

ಭಾವ ಆ ಸಾಲನ್ನು ಎರಡು ಸಲ ಓದಿದ. "ಕೇಸು ಹಾಗೇ ಇದೆ. ನಿನ್ನನ್ನ ಇಲ್ಲಿಂದ ಎಬ್ಬಿಸದೆ ಬಿಡಲ್ಲ."

"ಎಬ್ಬಿಸಿ ನೋಡಿ. ನೀವು ಹೊದಿಸಿದ ಸೂರಿನ ಕೆಳಗೇ ಕೂತ್ಕೊಂಡು ನಿಮ್ಮ ಮೇಲೆ ಕೇಸು ನಡೆಸ್ತೀನಿ."

ಅಮೀನರ ಸ್ಕೂಟರು ಹೋಯಿತು. ಗಂಡ ಎಂದಿನಂತೆ ಒಳಗೆ ಬಂದು ಮೋಟಾರಿನ ಸ್ವಿಚ್ಚಿಗೆ ಕೈ ಹಾಕಿದ.

"ಮುಟ್ಟಬೇಡಿ ಅದನ್ನ."

"ಮತ್ತೆ ಬೆಲ್ಟು ಏರಿಸೋರು ಯಾರೇ?"

"ನಾನಿಲ್ವಾ? ನಿಮ್ಮಣ್ಣನಿಗೊಬ್ಬನಿಗೇ ಏಣಿ ಹೊರೋಕಾಗಲ್ಲ. ಇನ್ನೊಂದು ತುದಿ ಹಿಡ್ಕೊಂಡು ಹೋಗಿ."

"ಊಟಕ್ಕೆ…"

"ಯಾರ ಪರ ಸಾಕ್ಷಿ ಹೇಳಿದ್ರೋ, ಅವರ ಮನೇಲಿ ಇಕ್ತಾರೆ."

ಅವನು ಸ್ವಿಚ್ಚಿನಿಂದ ಕೈ ತೆಗೆದು ಹೊರಗೆ ಹೋದ. ಅವಳು ಬಾಗಿಲ ಕೆಳಗಿನ ಅರ್ಧವನ್ನು ಮುಚ್ಚಿ ಅಗುಳಿ ಹಾಕಿದಳು. ಬೆಲ್ಟು ಮೊದಲ ಸಲ ಜಾರಿ ಮೊಣಕೈಗೆ ಬಡಿಯಿತು, ಎರಡನೆಯ ಸಲವೂ ಜಾರಿತು. ಮೂರನೆಯ ಸಲ ಕೂತಿತು. ಹೊರಗೆ ಕಾದಿದ್ದ ಹೆಂಗಸೊಬ್ಬಳು ಅರ್ಧ ಬಾಗಿಲ ಮೇಲಿಂದ ತನ್ನ ಚೀಲ ಚಾಚಿ, "ನಿಮ್ಮೆಜಮಾನ್ರು ಎಲ್ಲಿ ಹೊರಟ್ರು?" ಎಂದು ಕೇಳಿದಳು.

"ಸಣ್ಣಗೆ ಬೇಕಾ, ತರಿ ಬೇಕಾ?" ಎಂದು ಕೇಳಿ, ಅವಳು ಸ್ವಿಚ್ಚು ಒತ್ತಿದಳು.