ಬೋರಲಾದ ದಿನ ಕೊಡಬೇಕಾದ ಬಟ್ಟೆ

ಆ ಬೆಳಿಗ್ಗೆ ಗಾಳಿ ಉಸಿರು ಬಿಗಿಹಿಡಿದಂತೆ ನಿಂತುಬಿಟ್ಟಿತ್ತು. ಮಹಡಿಯ ತಂತಿಗೆ ಹಾಕಿದ ಬಟ್ಟೆಗಳಲ್ಲಿ ಒಂದರ ಅಂಚೂ ಅಲುಗುತ್ತಿರಲಿಲ್ಲ. ಬಿಸಿಲಿತ್ತು, ಕಾವಿರಲಿಲ್ಲ.

ಕೆಲಸಕ್ಕೆ ಹೊರಟ ಇಸ್ತ್ರಿಯವಳನ್ನು ಮೆಟ್ಟಿಲ ಕೆಳಗೆ ದರ್ಜಿ ಅಕ್ಕ ತಡೆದಳು.

"ಗುಂಡ ಬೋರಲಾದ್ನೇನೇ?"

"ಎಲ್ಲಿ ಅಕ್ಕಾ! ಅವರಪ್ಪನ ಥರ ಸೋಮಾರಿ. ಇಟ್ಟ ಕಡೆ ಇರ್ತಾನೆ."

"ಆದ ದಿನವೇ ಬಟ್ಟೆ ವಾಪಸ್. ಮಾತು ನೆನಪಿದೆ ತಾನೆ?"

"ನಿಮ್ಮ ಬಟ್ಟೆ ನಾನೇನು ನುಂಗಿಬಿಡ್ತೀನಾ?"

ನಕ್ಕು ಹೇಳಿದಳು, ಆದರೆ ಹೇಳಿದ್ದು ಸುಳ್ಳು. ಮಗು ಬೋರಲಾಗಿ ನಾಲ್ಕು ದಿನವಾಗಿತ್ತು.

ಆ ಕಟ್ಟಡದಲ್ಲಿ ಹುಟ್ಟಿದ ಕೂಸುಗಳೆಲ್ಲ ಮೊದಲ ತಿಂಗಳುಗಳನ್ನು ಕಳೆದದ್ದು ಆ ಒಂದೇ ಬಟ್ಟೆಯೊಳಗೆ. ದರ್ಜಿ ಅಕ್ಕ ಹೊಲಿದ ಮೆತ್ತನೆಯ ಹತ್ತಿಬಟ್ಟೆ. ಎರಡೂ ಕೈ ಮೈಗಂಟಿಸಿ ಸುತ್ತಿದರೆ ಎಂಥ ರಚ್ಚೆಯ ಮಗುವೂ ಗಪ್‌ಚಿಪ್. ಬಟ್ಟೆ ವಾಪಸು ಬಂದಾಗಲೆಲ್ಲ ಅದರ ಅಂಚಿಗೆ ಒಂದು ಬಣ್ಣದ ಹೊಲಿಗೆ ಬೀಳುತ್ತಿತ್ತು. ಮೊದಲನೆಯ ಹೊಲಿಗೆ ಮಾತ್ರ ಕಪ್ಪು. ಬಟ್ಟೆ ಹೊಲಿದ ದಿನವೇ ಹಾಕಿದ್ದು. ಅಕ್ಕನಿಗೂ ಒಂದು ಹೆಣ್ಣುಮಗು ಹುಟ್ಟಿ, ನಿದ್ದೆಯಲ್ಲೇ ಹೋಯಿತಂತೆ. ಅದಕ್ಕಿಂತ ಹೆಚ್ಚಿಗೆ ಯಾರೂ ಕೇಳಿರಲಿಲ್ಲ. ಇಂಥದ್ದನ್ನು ಕೇಳುವುದಾದರೂ ಹೇಗೆ?

ಇಸ್ತ್ರಿಯವಳು ಬಟ್ಟೆ ಬಿಡಿಸಲು ನೋಡದೇ ಇರಲಿಲ್ಲ. ಬಿಡಿಸಿದ ಕೂಡಲೇ ಮಗು ಎಲ್ಲಿಂದಲೋ ಬಿದ್ದಂತೆ ಕೈ ಚೆಲ್ಲಿ ಬೆಚ್ಚಿ ಏಳುತ್ತಿತ್ತು. ಎರಡು ದಿನ ನಿದ್ದೆಗೆಟ್ಟು ಅಂಗಡಿಯಲ್ಲಿ ಒಂದು ಕಾಲರ್ ಸುಟ್ಟಳು. "ಇನ್ನೊಂದು ಸುಟ್ರೆ ನೀನೂ ಬೇಡ, ನಿನ್ನ ಆಕಳಿಕೆನೂ ಬೇಡ" ಎಂದಿದ್ದ ಮಾಲೀಕ.

ಅತ್ತೆಯದು ಬೇರೆ ಲೆಕ್ಕ. "ನಾಲ್ಕು ಹೆತ್ತೋಳಿಗೆ ದರ್ಜಿ ಪಾಠ ಹೇಳ್ತಾಳಾ? ಗಜ ಬಟ್ಟೆಗೆ ಇಷ್ಟೊಂದು ವಿಚಾರಣೆ! ಸುತ್ತೇ ನೀನು."

ಮಧ್ಯಾಹ್ನ ಊಟಕ್ಕೆ ಬಂದಾಗ ಅತ್ತೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು. "ಈಗಷ್ಟೇ ಸುತ್ತಿ ಮಲಗಿಸ್ದೆ. ಎಂಥಾ ನಿದ್ದೆ ನೋಡು, ಒಂದು ಸದ್ದಿಲ್ಲ."

ಸದ್ದಿರಲಿಲ್ಲ, ನಿಜ. ಕೋಣೆಯಲ್ಲಿ ಮಗು ಸುತ್ತಿದ ಹಾಗೇ ಬೋರಲಾಗಿತ್ತು. ಮೂಗು, ಬಾಯಿ ಹಾಸಿಗೆಯೊಳಗೆ. ತಲೆ ಎತ್ತಲು ಊರಿಕೊಳ್ಳಬೇಕಾದ ಕೈಗಳು ಬಟ್ಟೆಯೊಳಗೆ. ತಾಯಿ ಎಳೆದು ತಿರುಗಿಸಿದಳು. ತುಟಿ ನೀಲಿ. ಬಟ್ಟೆ ಕಿತ್ತೆಸೆದು ಬೆನ್ನು ತಟ್ಟಿದಳು, ಹೆಸರು ಹಿಡಿದು ಕೂಗಿದಳು. ಇನ್ನೂ ತಟ್ಟಿದಳು.

ಭಗವಂತ ಒಮ್ಮೊಮ್ಮೆ ಕೊಟ್ಟದ್ದನ್ನು ತೆಗೆದುಕೊಳ್ಳಲು ಕೈ ಚಾಚಿ, ಏನೋ ನೆನೆದು ಹಿಂದಕ್ಕೆಳೆದುಕೊಳ್ಳುತ್ತಾನೆ. ಯಾಕೆಂದು ಕೇಳುವ ಧೈರ್ಯ ಯಾರಿಗಿದೆ? ಮಗು ಕೆಮ್ಮಿತು. ಆಮೇಲೆ ಅತ್ತಿತು.

ಕೂಗು ಕೇಳಿ ದರ್ಜಿ ಅಕ್ಕ ಮೆಟ್ಟಿಲು ಹತ್ತಿ ಓಡಿ ಬಂದಳು. ನೆಲದ ಮೇಲಿನ ಬಟ್ಟೆ ನೋಡಿದಳು. ಬೈಯುತ್ತಾಳೆಂದು ಇಬ್ಬರೂ ಕಾದರು.

"ನನ್ನೋಳು ಅತ್ತಿದ್ರೆ ನನಗೆ ಕೇಳಿಸ್ತಿತ್ತು," ಎಂದಳು. "ಪಕ್ಕದಲ್ಲೇ ಮಷೀನ್ ತುಳೀತಿದ್ದೆ. ಅಳೋಕೂ ಮುಖ ಮೇಲಿರಬೇಕು ನೋಡು. ಹಿಂದಿನ ದಿನ ತಾನೇ ಬೋರಲಾಗಿದ್ಲು. ನಾಳೆಯಿಂದ ಸುತ್ತೋದು ಬಿಡೋಣ ಅಂದ್ಕೊಂಡಿದ್ದೆ."

ಅತ್ತೆಯ ಕೈಯಿಂದ ಸೊಪ್ಪು ಜಾರಿತು.

ಅಕ್ಕ ಬಟ್ಟೆ ಮುಟ್ಟಲಿಲ್ಲ. ಮಗುವನ್ನು ಅಂಗಾತ ಮಲಗಿಸಿ, ತಾಯಿಯ ಅಂಗೈಯನ್ನು ಅದರ ಎದೆಯ ಮೇಲಿಟ್ಟಳು. "ಭಾರ ಹಾಕ್ಬೇಡ. ಇದ್ದೀನಿ ಅನ್ನೋಷ್ಟು ಸಾಕು. ಬೆಚ್ಚುತ್ತೆ, ಅಳುತ್ತೆ, ಅಳ್ಲಿ. ಅದರ ಕೈ ಅದಕ್ಕೆ ಗುರುತಾಗ್ಬೇಕಲ್ಲ."

ಮಗು ಮೂರು ದಿನ ಅತ್ತಿತು. ಮೂರನೆಯ ದಿನ ಇನ್ನೊಂದು ಕಾಲರ್ ಸುಟ್ಟಿತು. ಮಾಲೀಕ ಆಡಿದ ಮಾತಿಗೆ ತಪ್ಪಲಿಲ್ಲ.

ಬೆಳಿಗ್ಗೆ ಹತ್ತು ಗಂಟೆಗೇ ಮನೆಗೆ ಮರಳಿದವಳಿಗೆ ಬಾಗಿಲಲ್ಲೇ ಅಳು ಕೇಳಿಸಿತು. ಅತ್ತೆ ಎದ್ದು ಜಾಗ ಬಿಟ್ಟಳು. ಮಗುವಿನ ಪಕ್ಕ ಕೂತು ಎದೆಯ ಮೇಲೆ ಕೈ ಇಟ್ಟಳು. ಬೆಚ್ಚಿತು, ಅತ್ತಿತು. ಮತ್ತೆ ಇಟ್ಟಳು. ಒಂದೇ ಒಂದು ಗಳಿಗೆ ಸುತ್ತಿದರೆ, ತಾನು ಎದುರಲ್ಲೇ ಕೂತಿದ್ದರೆ, ಏನಾದೀತು? ದೇವರೇ ಎನ್ನುತ್ತಾ ಎದ್ದು, ಬಟ್ಟೆ ಎತ್ತಿಟ್ಟಿದ್ದ ಕಪಾಟಿಗೆ ಕೈ ಹಾಕಿದಳು. ಬಟ್ಟೆ ಇರಲಿಲ್ಲ. ಅತ್ತೆಯೂ ಒಳಗಿರಲಿಲ್ಲ.

ಮಗುವನ್ನೆತ್ತಿಕೊಂಡು ಮೆಟ್ಟಿಲ ಬಳಿ ಬಂದು ಬಗ್ಗಿ ನೋಡಿದಳು. ಮಂಡಿನೋವೆಂದು ವರ್ಷದಿಂದ ಕೆಳಗಿಳಿಯದಿದ್ದ ಅತ್ತೆ, ಕೊನೆಯ ಮೆಟ್ಟಿಲಲ್ಲಿ ಗೋಡೆ ಹಿಡಿದು ಏದುಸಿರು ಬಿಡುತ್ತಿದ್ದಳು. ದರ್ಜಿ ಅಕ್ಕ ಮಷೀನ್ ನಿಲ್ಲಿಸಿ ಎದ್ದು ಬಂದಳು. ಅತ್ತೆ ಗೋಡೆ ಬಿಟ್ಟು, ಒಗೆದು ಮಡಿಸಿದ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಕೈಗಿಟ್ಟಳು.