ಬಲಗಡೆಯ ಗ್ಲಾಸು

ಟ್ರೇ ಇನ್ನೂ ಮೇಜಿನ ಮೇಲೆ ಕೂತಿರಲಿಲ್ಲ, ಅಷ್ಟರಲ್ಲೇ ಅಕ್ಕ ಕೈಚಾಚಿ ಬಲಗಡೆಯ ಗ್ಲಾಸನ್ನು ಎತ್ತಿಕೊಂಡಳು. ಒಂದು ಗುಟುಕು ಹೀರಿ, ನಾಲಗೆಯ ಮೇಲೆ ಸ್ವಲ್ಪ ಹೊತ್ತು ಆಡಿಸಿ, ಆಮೇಲೆ ಹುಬ್ಬೇರಿಸಿದಳು.

"ಅಯ್ಯೋ, ನಿಂದಾ?"

"ಹೂಂ, ನಂದೇ," ಅಂದ ತಮ್ಮ.

"ನೋಡ್ಲೇ ಇಲ್ಲ ಕಣೋ. ತಗೋ."

ನೋಡಲೇ ಇಲ್ಲವಂತೆ! ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನಲ್ಲಿ ವರ್ಷಾನುಗಟ್ಟಲೆ ನಿಂತು, ಕೋಟಿನ ಕಂಕುಳಲ್ಲಿ ಅಡಗಿದ ಕಲೆಯನ್ನೂ ಮಡಿಕೆ ಬಿಚ್ಚುವ ಮೊದಲೇ ಹಿಡಿಯುವ ಹೆಂಗಸು ಅವಳು. ಅಂಥವಳಿಗೆ ಪ್ರತಿ ಶನಿವಾರ ಸಂಜೆ ಎದುರಿಗಿರುವ ಮೂರೇ ಮೂರು ಗ್ಲಾಸುಗಳಲ್ಲಿ ತನ್ನದು ಯಾವುದೆಂದು ತಿಳಿಯುತ್ತಿರಲಿಲ್ಲ. ಅದು ಸುಳ್ಳೆಂದು ತಮ್ಮನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆಯೆಂದು ಅವಳಿಗೂ ಗೊತ್ತಿತ್ತು. ಅವಳ ಗಂಡನಂತೂ ಇಬ್ಬರ ಮುಖವನ್ನೂ ನೋಡದೆ, ಕಲ್ಲಂಗಡಿ ರಸದ ಮೇಲೆ ತೇಲುತ್ತಿದ್ದ ಪುದೀನ ಎಲೆಯನ್ನು ಊದಿ ಊದಿ ಆಚೆ ದಡ ಸೇರಿಸುತ್ತಿದ್ದ.

ತಮ್ಮ ಒಂದು ಕಾಲಕ್ಕೆ ದೊಡ್ಡ ಹೋಟೆಲಿನ ಬಾರಿನಲ್ಲಿ ಕಾಕ್‌ಟೇಲ್ ಬೆರೆಸುತ್ತಿದ್ದವನು. ಕೈಚಳಕ ನೋಡುವುದಕ್ಕೆಂದೇ ಜನ ಬರುತ್ತಿದ್ದರು. ಆಮೇಲೆ ಕೈಯಲ್ಲಿದ್ದದ್ದು ಬಾಯಿಗೆ ಹೋಯಿತು. ಕೆಲಸ ಹೋಯಿತು, ಹೆಂಡತಿ ತವರಿಗೆ ಹೋದಳು. ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಒಂದೇ ಕಾಲಿಗೆ ಚಪ್ಪಲಿ ಹಾಕಿಕೊಂಡು ಮಲಗಿದ್ದವನನ್ನು ಅಕ್ಕನೇ ಹೋಗಿ ಎಬ್ಬಿಸಿ ಆಸ್ಪತ್ರೆಗೆ ಸೇರಿಸಿದಳು. ಅಲ್ಲಿ ಕುಡಿತ ಬಿಟ್ಟು ಬಂದವನು ಈಗ ಅವಳ ಮನೆಯಲ್ಲೇ ಇದ್ದ; ಹಗಲು ನರ್ಸರಿಯೊಂದರಲ್ಲಿ ಸಸಿಗಳಿಗೆ ನೀರು ಹಾಕುವ ಕೆಲಸ. ಇನ್ನೊಂದು ಸಲ ಜಾರಿದರೆ ಎತ್ತುವ ಶಕ್ತಿ ತನಗಿಲ್ಲವೆಂದು ಅಕ್ಕನಿಗೆ ಭಯ. ಅವನಿಗೂ ಅದೇ ಭಯ, ಆದರೆ ಬಾಯಿ ಬಿಡುವ ಆಸಾಮಿಯಲ್ಲ.

ಅಂಥ ಮನೆಯಲ್ಲಿ ಬಾಟಲಿ ಯಾಕೆ ಇಡಬೇಕಿತ್ತು ಎಂದು ಯಾರಾದರೂ ಕೇಳುವಂಥದ್ದೇ. ಅಕ್ಕನೂ ಕೇಳಿದ್ದಳು, ಮೆಲ್ಲಗೇನಲ್ಲ. ಭಾವ ತನ್ನ ಶನಿವಾರದ ಗ್ಲಾಸನ್ನು ಮರುಮಾತಿಲ್ಲದೆ ಬಿಟ್ಟೂಬಿಟ್ಟಿದ್ದ. ಮತ್ತೆ ಶುರುಮಾಡಿಸಿದ್ದು ತಮ್ಮನೇ.

"ನನ್ನಿಂದಾಗಿ ನಿಮ್ಮ ಶನಿವಾರ ಕೆಡೋದು ಬೇಡ ಭಾವ. ಬೀದಿಗೊಂದು ಅಂಗಡಿ ಇದೆ. ಮನೇಲಿ ಬಚ್ಚಿಟ್ರೆ ನಾನೇನು ಕುರುಡನಾ?"

ಭಾವನಿಗೆ ಅಷ್ಟು ಸಾಕಿತ್ತು. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಅವನು; ವಾರವೆಲ್ಲ ಕಲಿಯುವವರ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ಕೂತವನಿಗೆ ಶನಿವಾರ ಒಂದು ಗ್ಲಾಸು ಬೇಕು. ಆದರೆ ಬೆರೆಸುವುದೆಂದರೆ ದೇವರಿಗೇ ಪ್ರೀತಿ. ನಿಂಬೆಯನ್ನು ಬೀಜ, ಸಿಪ್ಪೆ, ಕಹಿ ಎಲ್ಲ ಸೇರಿಸಿ ಹಿಂಡುತ್ತಿದ್ದ, ಪುದೀನವನ್ನು ಹಗೆ ತೀರಿಸಿಕೊಳ್ಳುವವನಂತೆ ಕುಟ್ಟುತ್ತಿದ್ದ. ಎರಡು ಶನಿವಾರ ತಮ್ಮ ಹಲ್ಲು ಕಚ್ಚಿಕೊಂಡು ನೋಡಿದ. ಮೂರನೆಯದಕ್ಕೆ ಎದ್ದೇಬಿಟ್ಟ.

"ಸಾಯಿಸ್ತೀರಾ ಭಾವ ಅದನ್ನ? ಅಂಗೈ ಮೇಲಿಟ್ಟು ಒಂದು ಏಟು ತಟ್ಟಿ, ಸಾಕು. ಬಿಡಿ, ಕೊಡಿ ಇತ್ಲಾಗೆ."

ಸೌತೆಕಾಯಿ ಹೆಚ್ಚುತ್ತಿದ್ದ ಅಕ್ಕನ ಕೈ ಅಲ್ಲೇ ನಿಂತಿತು. ತಮ್ಮ ಹಳೆಯ ಸ್ಟೀಲ್ ಫ್ಲಾಸ್ಕಿಗೆ ಐಸು ತುಂಬಿದ, ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಬಿಳಿ ರಮ್ ಅಳೆದ, ಹೆಗಲ ಮೇಲಿಂದ ಝಲ್ಲೆಂದು ಅಲ್ಲಾಡಿಸಿದ. ಅವನ ಬೆನ್ನು ನೆಟ್ಟಗಾದದ್ದನ್ನು ಅವಳು ಬಹಳ ದಿನಗಳ ಮೇಲೆ ನೋಡಿದಳು. ಬೇಡ ಅನ್ನಲು ಬಾಯಿ ಬರಲಿಲ್ಲ.

ಅವತ್ತಿನಿಂದ ಅದೇ ಪದ್ಧತಿಯಾಯಿತು. ಬಾಟಲಿಯ ಮುಚ್ಚಳ ತೆಗೆಯುವ ಮೊದಲೇ ತಮ್ಮ ತನ್ನ ಗ್ಲಾಸನ್ನು ತಯಾರಿಸಿ ಟ್ರೇಯ ಬಲಗಡೆ ಇಟ್ಟುಬಿಡುತ್ತಿದ್ದ: ಅದೇ ಹಣ್ಣು, ಅದೇ ಎಲೆ, ಮದ್ಯ ಮಾತ್ರ ಇಲ್ಲ. ಅಕ್ಕನದೂ ಭಾವನದೂ ಆಮೇಲೆ. ಅವುಗಳ ರುಚಿಯನ್ನು ಅವನು ನೋಡುವಂತಿರಲಿಲ್ಲ. ಭಾವನ ಹುಬ್ಬು ನೋಡಿ ಸಿಹಿ ಹೆಚ್ಚಾಯಿತೋ ಹುಳಿ ಹೆಚ್ಚಾಯಿತೋ ತಿಳಿದುಕೊಳ್ಳುತ್ತಿದ್ದ. ಟ್ರೇ ಬಂದ ಕೂಡಲೇ ಅಕ್ಕ ತಪ್ಪಿ ಅವನ ಗ್ಲಾಸನ್ನೇ ಎತ್ತಿಕೊಳ್ಳುತ್ತಿದ್ದಳು.

ಮಳೆ ಹಿಡಿದ ಮೇಲೆ ಫ್ಲಾಸ್ಕು ಮೂಲೆ ಸೇರಿತು. ಶುಂಠಿರಸ, ಜೇನು, ನಿಂಬೆ, ಕುದಿಯುವ ನೀರು, ಅದಕ್ಕೊಂದು ಮುಚ್ಚಳ ವಿಸ್ಕಿ. ಒದ್ದೆ ಕಾಲುಚೀಲಗಳನ್ನು ಕುರ್ಚಿಯ ಬೆನ್ನಿಗೆ ಹರಡಿ ಭಾವ ಕಥೆ ಶುರುಮಾಡುತ್ತಿದ್ದ.

"ಇವತ್ತು ಒಬ್ಬಮ್ಮ ಎಷ್ಟು ಚೆನ್ನಾಗಿ ಓಡಿಸ್ತಿದ್ರು ಅಂತೀಯ! ಕಾಲು ಹಿಡ್ಕೊಂಡಿತ್ತು ಅಂತ ನಾನು ನನ್ನ ಕಡೆ ಇರೋ ಎರಡ್ನೇ ಬ್ರೇಕ್ ಮೇಲಿಂದ ತೆಗೆದೆ. ಅದನ್ನ ನೋಡಿದ್ದೇ ತಡ, ನಡುರಸ್ತೇಲಿ ಸ್ಟೇರಿಂಗ್ ಬಿಟ್ಟು ಮುಖ ಮುಚ್ಕೊಂಡ್ರು."

"ನಿಮ್ಮ ಕಾಲು ನೋಡಿ ಹೆದರಿರ್ಬೇಕು. ಉಗುರು ಕತ್ತರಿಸಿ ಎಷ್ಟು ದಿನ ಆಯ್ತು?" ಅಂದಳು ಅಕ್ಕ. ಮೂವರೂ ನಕ್ಕರು.

ಎಡವಟ್ಟಾದದ್ದು ಚಳಿಗಾಲದಲ್ಲಿ. ಕಿತ್ತಳೆ ಸಿಪ್ಪೆ, ಚಕ್ಕೆ, ಕಪ್ಪು ರಮ್ಮಿನ ಬಿಸಿ ಗ್ಲಾಸುಗಳು ತಯಾರಾಗಿದ್ದವು. ತಮ್ಮ ಕೈ ತೊಳೆಯುತ್ತಿದ್ದಾಗ, ಯಾವತ್ತೂ ಒಂದು ಚಮಚ ಎತ್ತಿಡದ ಭಾವನಿಗೆ ಸಹಾಯ ಮಾಡುವ ಹುಮ್ಮಸ್ಸು ಬಂತು. ಟ್ರೇ ಎತ್ತಿಕೊಂಡ. ಅಡುಗೆಮನೆಯ ಬಾಗಿಲಿಗೆ ಬಟ್ಟೆ ಒಣಗಿಸುವ ಸ್ಟ್ಯಾಂಡು ಅಡ್ಡವಿತ್ತು. ಬೆನ್ನಿನಿಂದ ಅದನ್ನು ತಳ್ಳಿಕೊಂಡು ಹಿಂದುಹಿಂದಕ್ಕೆ ಬಂದು, ಟ್ರೇಯನ್ನು ತಿರುಗಿಸಿ ಇಟ್ಟ.

ಅಕ್ಕನ ಕೈ ಬಲಗಡೆಗೆ ಹೋಯಿತು. ಒಂದು ಗುಟುಕು. ರಮ್ಮು ಗಂಟಲಿನಿಂದ ಹೊಟ್ಟೆಯವರೆಗೆ ಸುಡುತ್ತಾ ಇಳಿಯಿತು.

"ಹಾಳಾಗಿ ಹೋದ್ಯಲ್ಲೋ!" ಅವಳು ಕೂಗಿದ್ದು ಪಕ್ಕದ ಮನೆಗೂ ಕೇಳಿರಬೇಕು. "ಆ ಬೆಂಚಿನ ಮೇಲಿಂದ ನಿನ್ನನ್ನ ಎತ್ಕೊಂಡು ಬಂದಿದ್ದು ಇದಕ್ಕಾ? ನನ್ನ ಕಣ್ಣೆದುರಿಗೇ, ನನ್ನ ಮನೇಲೇ? ಎಷ್ಟು ದಿನದಿಂದ ನಡೀತಿದೆ ಇದು? ಹೇಳೋ!"

ಗ್ಲಾಸನ್ನು ಸಿಂಕಿಗೆ ಸುರಿದಳು. ತಮ್ಮ ಒದ್ದೆ ಕೈಗಳನ್ನು ಇಳಿಬಿಟ್ಟುಕೊಂಡು ನಿಂತಿದ್ದ, ಇಲ್ಲ ಅನ್ನಲಿಲ್ಲ. ನಿಜಕ್ಕೂ ತಾನೇ ಹಾಕಿಕೊಂಡೆನೋ ಏನೋ ಎಂದು ನೆನಪು ಮಾಡಿಕೊಳ್ಳುವವನ ಹಾಗಿತ್ತು ಅವನ ಮುಖ.

ಅಷ್ಟರಲ್ಲಿ ಎಡಗಡೆಯ ಗ್ಲಾಸು ಹಿಡಿದು ಭಾವ ಬಂದ. "ಲೋ, ಇದೇನೋ ಇದು ಬಿಸಿ ಶರಬತ್ತು? ರಮ್ ಹಾಕೋದು ಮರ್ತ್ಯಾ?"

ಅಕ್ಕ ಟ್ರೇ ನೋಡಿದಳು, ಸ್ಟ್ಯಾಂಡು ನೋಡಿದಳು, ಗಂಡನನ್ನು ನೋಡಿದಳು. ಆಮೇಲೆ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟಳು.

"ನನ್ನ ನಾಲಗೆಗೆ ಬೆಂಕಿ ಹಾಕ."

"ಬಿಡೇ ಅಕ್ಕ," ಅಂದ ತಮ್ಮ. "ನಾನಾಗಿದ್ರೂ ಹಂಗೇ ಅಂದ್ಕೋತಿದ್ದೆ."

ಆಮೇಲಿನ ಶನಿವಾರಗಳಲ್ಲಿ ಅವಳು ಬಲಗಡೆಯ ಗ್ಲಾಸನ್ನು ಮುಟ್ಟಲಿಲ್ಲ. ಇಷ್ಟು ವಯಸ್ಸಾದವನನ್ನು ಮಗುವಿನ ಹಾಗೆ ಬಾಯಿ ಮೂಸಿ ನೋಡುವುದು ಸಾಕು ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುವುದು ಸುಲಭ. ಟ್ರೇ ಬಂದಾಗ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂರುತ್ತಿದ್ದಳು. ವಾರದ ನಡುವೆ ಅವನ ಅಂಗಿ ಒಗೆಯಲು ಹಾಕುವ ಮೊದಲು ಕಾಲರ್ ಮೂಸುತ್ತಿದ್ದಳು. ಮೂಸಿ, ನಾಚಿಕೆಪಟ್ಟುಕೊಂಡು, ಸೋಪಿನ ಪುಡಿ ಒಂದು ಹಿಡಿ ಜಾಸ್ತಿ ಸುರಿಯುತ್ತಿದ್ದಳು.

ತಮ್ಮನಂತೂ ಕಾಲು ಸುಟ್ಟ ಬೆಕ್ಕಿನ ಹಾಗಾಗಿದ್ದ. ಬೆರೆಸಿ ತಂದಿಡುತ್ತಿದ್ದ, ಕೂರುತ್ತಿರಲಿಲ್ಲ. ಗೇಟಿನವರೆಗೆ ಹೋಗಿ ಬರುತ್ತಿದ್ದ, ತೊಳೆದ ಫ್ಲಾಸ್ಕನ್ನೇ ಮತ್ತೆ ತೊಳೆಯುತ್ತಿದ್ದ, ಬಾಲ್ಕನಿಯ ಕುಂಡಗಳನ್ನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಎಳೆಯುತ್ತಿದ್ದ. ಅವನ ಗ್ಲಾಸು ಹಾಗೇ ಆರುತ್ತಿತ್ತು. ಕೊನೆಗೆ ಅವನೇ ಚೆಲ್ಲುತ್ತಿದ್ದ.

"ಕೋಪ ಹೋಗಿಲ್ವೇನೋ ಅವನಿಗೆ?" ಎಂದು ಅಕ್ಕ ಗಂಡನನ್ನು ಕೇಳಿದಳು.

"ನಂಗೇನು ಗೊತ್ತು? ನೀನು ಅವನ ಗ್ಲಾಸು ನೋಡ್ತೀಯ, ಅವನು ನಿನ್ನ ಕೈ ನೋಡ್ತಾನೆ. ಮಧ್ಯೆ ಕೂತು ಕುಡಿಯೋನಿಗೆ ಗಂಟಲಲ್ಲಿ ಇಳಿಯಲ್ಲ ಕಣೇ."

ಬಿಸಿಲು ಮತ್ತೆ ಚುರುಕಾಯಿತು. ಫ್ಲಾಸ್ಕು ಮೂಲೆಯಿಂದ ಹೊರಗೆ ಬಂತು. ಆ ಶನಿವಾರ ಭಾವನಿಗೆ ಸಂಜೆಯ ಕ್ಲಾಸಿತ್ತು; ಅವನ ಗ್ಲಾಸಿಗೆ ತಟ್ಟೆ ಮುಚ್ಚಿ ತಮ್ಮ ಟ್ರೇ ತಂದಿಟ್ಟ. ನಿಂಬೆ, ಪುದೀನ, ಸಕ್ಕರೆ ನೀರು, ಜಿನ್ನು. ಅಕ್ಕ ತನ್ನ ಗ್ಲಾಸನ್ನು ತಾನು ತೆಗೆದುಕೊಂಡಳು. ಅವನು ನಿಂತೇ ಇದ್ದ.

"ಅಕ್ಕಾ."

"ಏನೋ? ಕೂತ್ಕೊಳ್ಳೋ ಮೊದ್ಲು."

"ಮಧ್ಯಾಹ್ನ ನರ್ಸರಿಯಿಂದ ಬೇಗ ಬಂದಿದ್ದೆ. ಮನೇಲಿ ಯಾರೂ ಇರ್ಲಿಲ್ಲ." ಅವನು ಟ್ರೇಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿದ. "ಬಾಟ್ಲಿ ಮುಚ್ಚಳ ತೆಗ್ದೆ."

"ಕುಡಿದ್ಯಾ?"

"ಇಲ್ಲ. ಮೂಸಿದೆ. ಮೂಸ್ತಾ ನಿಂತಿದ್ದೆ, ಬೇಕಾದಷ್ಟು ಹೊತ್ತು." ಉಸಿರೆಳೆದುಕೊಂಡ. "ಮೊದ್ಲಾದ್ರೆ ಶನಿವಾರ ನೀನು ನನ್ನ ಗ್ಲಾಸು ಎತ್ಕೋತೀಯ ಅಂತ ಗೊತ್ತಿರ್ತಿತ್ತು. ಸೋಮವಾರ ಆಸೆ ಆದ್ರೂ, ಬೇಡಪ್ಪಾ, ಶನಿವಾರ ಅಕ್ಕ ಎತ್ಕೋತಾಳೆ ಅಂತ. ಈಗ ಯಾರೂ ಎತ್ಕೊಳ್ಳಲ್ಲ."

"ನಿಂಗೆ ಅವಮಾನ ಆಗುತ್ತೆ ಅಂತ ಬಿಟ್ಟೆ ಕಣೋ."

"ಆಗ್ತಿತ್ತು," ಅಂದ. "ಆಗ್ಲಿ ಬಿಡು."

ಅವನು ಬಲಗಡೆಯ ಗ್ಲಾಸನ್ನು ಅವಳ ಕಡೆಗೆ ತಳ್ಳಿದ. ನೋಡಲು ಅವಳದರಂತೆಯೇ ಇತ್ತು, ತಿಳಿಯಾಗಿ, ಒಂದು ಎಲೆ ಮೇಲೆ, ಎರಡು ತುಂಡು ಐಸು. ಕಣ್ಣಿಗೆ ಏನೂ ಗೊತ್ತಾಗುವ ಹಾಗಿರಲಿಲ್ಲ. ಅಕ್ಕ ತನ್ನ ಗ್ಲಾಸನ್ನು ಕೆಳಗಿಟ್ಟಳು. ಅವನದನ್ನು ಎತ್ತಿಕೊಂಡಳು. ಬಾಯಿಯವರೆಗೆ ತರಲು ಧೈರ್ಯ ಬೇಕಾಯಿತು.

ಹುಳಿ. ಸಿಹಿ. ಪುದೀನ. ಇನ್ನೊಂದು ಗುಟುಕು ಹೀರಿ ನಾಲಗೆಯ ಮೇಲೆ ಆಡಿಸಿದಳು. ಅಷ್ಟೇ, ಬೇರೇನೂ ಇಲ್ಲ. ಅವನು ಅವಳ ಮುಖವನ್ನೇ ನೋಡುತ್ತಿದ್ದ.

"ಅಯ್ಯೋ," ಅಂದಳು ಅಕ್ಕ. "ನಿಂದಾ?"

"ಹೂಂ," ಅಂದ ತಮ್ಮ. "ನಂದೇ. ಕೊಡು ಇತ್ಲಾಗೆ, ಎಲ್ಲಾ ಖಾಲಿ ಮಾಡ್ಬೇಡ."

ಅವನು ಕುರ್ಚಿ ಎಳೆದುಕೊಂಡು ಕೂತ. ತಟ್ಟೆ ಮುಚ್ಚಿದ ಭಾವನ ಗ್ಲಾಸು ಬೆವರಿ, ಟ್ರೇಯ ಮೇಲೆ ಸಣ್ಣದೊಂದು ನೀರಿನ ಬಳೆ ಮೂಡಿತ್ತು.