ಕೆಂಚನ ಬೆನ್ನಿನ ಬೋಳು ಚೌಕ

ಕೆಂಚನ ಬೆನ್ನಿನ ಮೇಲೆ ಅಂಗೈಯಗಲದ ಬೋಳು ಚೌಕವೊಂದಿತ್ತು. ಪರೀಕ್ಷೆಗೆ ಚರ್ಮದ ಚೂರು ತೆಗೆಯಲು ಅಲ್ಲಿನ ಕೂದಲು ಬೋಳಿಸಿದವಳು ನಾನೇ. ನಮ್ಮ ಪಶುವೈದ್ಯ ಪ್ರಯೋಗಾಲಯದ ಉಳಿದ ಹನ್ನೊಂದು ನಾಯಿಗಳಿಗೆ ತಿಂಗಳೊಪ್ಪತ್ತಿನಲ್ಲಿ ಕೂದಲು ಬಂತು. ಕೆಂಚನಿಗೆ ನಾಲ್ಕು ತಿಂಗಳಾದರೂ ಒಂದೆಳೆ ಚಿಗುರಲಿಲ್ಲ.

"ಬುಡವೇ ಸತ್ತಿದೆ, ಅಂಟುರೋಗ ಇರಬೇಕು," ಎಂದರು ಡಾಕ್ಟರ್ ಪರಮಶಿವಯ್ಯ. "ಇನ್ನೊಂದು ಚೂರು ತೆಗೆದು ನೋಡಮ್ಮ. ಬಣ್ಣ ಬರದಿದ್ರೆ ನಾಳೆ ಇಂಜೆಕ್ಷನ್ ಕೊಟ್ಟು ಮುಗಿಸಿಬಿಡೋಣ. ಉಳಿದವನ್ನಾದ್ರೂ ಉಳಿಸ್ಕೋಬೇಕಲ್ಲ."

ಬಣ್ಣದ ವಿಷಯ ಇಷ್ಟೇ. ಕೂದಲಿನ ಬುಡದಲ್ಲಿ ಒಂದು ಕಿಣ್ವವಿರುತ್ತದೆ. ಚರ್ಮವನ್ನು ತೆಳುವಾಗಿ ಕೊಯ್ದು, ಗಾಜಿನ ಸ್ಲೈಡಿನ ಮೇಲಿಟ್ಟು ದ್ರಾವಣ ಹಾಕಿದರೆ, ಕಿಣ್ವ ಕೆಲಸ ಮಾಡುವಲ್ಲಿ ನೀಲಿ ಮೂಡುತ್ತದೆ. ಕೂದಲು ಬೆಳೆಯುವ ಕಾಲದಲ್ಲಿ ಗಾಢ ನೀಲಿ, ಬೆಳವಣಿಗೆ ನಿಲ್ಲಿಸಿ ವಿಶ್ರಮಿಸುವ ಕಾಲದಲ್ಲಿ ಸಣ್ಣದೊಂದು ಚುಕ್ಕೆ. ಸತ್ತ ಬುಡದಲ್ಲಿ ಏನೂ ಇರುವುದಿಲ್ಲ. ನನ್ನ ಸ್ಲೈಡಿನಲ್ಲಿ ಏನೂ ಇರಲಿಲ್ಲ. ಹಾಗೆಂದೇ ಬರೆದು ಸಹಿ ಹಾಕಿದೆ.

ನಾಯಿಗಳನ್ನು ನೋಡಿಕೊಳ್ಳುತ್ತಿದ್ದ ಸಿದ್ದಾಜಮ್ಮ ಬಾಗಿಲಲ್ಲಿ ನಿಂತಳು. "ಚೆನ್ನಾಗ್ ನೋಡಿದ್ರಾ ಅವ್ವಾ? ಎರಡು ಹೊತ್ತೂ ತಟ್ಟೆ ನೆಕ್ಕಿ ಉಣ್ತಾನೆ. ಸಾಯೋ ನಾಯಿ ಹಂಗ್ ಉಣ್ತದಾ?"

"ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ. ನನಗೇ ಹೇಳಿಕೊಡೋಕೆ ಬಂದ್ಯಾ?" ಎಂದು ರೇಗಿದೆ. ನನ್ನ ಬಾಯಿಗಿಷ್ಟು ಮಣ್ಣು ಹಾಕ! ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಹೋದಳು.

ಮರುದಿನ ಬೆಳಿಗ್ಗೆ ಮೇಜು ಒರೆಸುವಾಗ ಕೈ ಹಾಟ್‌ಪ್ಲೇಟಿಗೆ ತಗುಲಿ ಚುರ್ ಎಂದಿತು. ಆಗ ನೆನಪಾಯಿತು. ಮಾಮೂಲಿ ಸ್ಲೈಡುಗಳನ್ನು ಅದರ ಮೇಲಿಟ್ಟು ಒಣಗಿಸುವುದು ನಮ್ಮ ರೂಢಿ. ಕೆಂಚನ ಸ್ಲೈಡನ್ನೂ ದ್ರಾವಣ ಹಾಕುವ ಮೊದಲು ಅಭ್ಯಾಸಬಲದಿಂದ ಅಲ್ಲಿಟ್ಟಿದ್ದೆ. ಬಿಸಿಗೆ ಕಿಣ್ವ ಬೆಂದುಹೋಗುತ್ತದೆ. ಹೊಸಬರಿಗೆ ಅದನ್ನು ಬೈದು ಬೈದು ಕಲಿಸಿದವಳು ನಾನು!

ನಾಯಿಗಳ ಗೂಡಿನತ್ತ ಓಡಿದೆ. ಸಿದ್ದಾಜಮ್ಮ ಕೆಂಚನನ್ನು ಮಡಿಲಿಗೆ ಒತ್ತಿಕೊಂಡು ಕೂತಿದ್ದಳು. ಡಾಕ್ಟರ ಕೈಯಲ್ಲಿ ಸಿರಿಂಜು ತುಂಬಿತ್ತು.

"ಸಾರ್, ತಡೀರಿ! ಬುಡ ಸತ್ತಿದೆಯೋ ಇಲ್ಲವೋ ಗೊತ್ತಿಲ್ಲ. ಸ್ಲೈಡನ್ನ ನಾನೇ ಬೇಯಿಸಿಬಿಟ್ಟೆ."

ಅವರು ನನ್ನನ್ನೇ ನೋಡಿದರು. "ಇಂಥವು ಇನ್ನೆಷ್ಟು ಬೇಯಿಸಿದ್ದೀಯಮ್ಮ?"

ನಾನು ಮತ್ತೆ ನನ್ನ ಮೇಜಿಗೆ ಧಾವಿಸಿದೆ; ಇಬ್ಬರೂ ಕೆಂಚನೊಡನೆ ಹಿಂದೆಯೇ ಬಂದರು.

ಐಸ್ ಪೆಟ್ಟಿಗೆಯಲ್ಲಿ ಚರ್ಮದ ಚೂರು ಸ್ವಲ್ಪ ಉಳಿದಿತ್ತು. ಮತ್ತೆ ಕೊಯ್ದೆ, ಅವಸರಕ್ಕೆ ಎರಡು ಹಾಳಾದವು. ಮೂರನೆಯದಕ್ಕೆ ದ್ರಾವಣ ಹಾಕಿ ಅರ್ಧ ಗಂಟೆ ಕಾದೆವು. ಆಮೇಲೆ ಡಾಕ್ಟರು ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಬಹಳ ಹೊತ್ತು ನೋಡಿದರು.

"ಚುಕ್ಕೆ ಇದೆ," ಎಂದರು. "ಒಂದೊಂದು ಬುಡದಲ್ಲೂ ಇದೆ. ವಿಶ್ರಾಂತಿ ಕಾಲದಲ್ಲಿ ಬೋಳಿಸಿಬಿಟ್ಟಿದ್ದೀವಿ, ಅಷ್ಟೆ."

ನಾನು ಅಲ್ಲೇ ಅತ್ತುಬಿಟ್ಟೆ. ಸಿದ್ದಾಜಮ್ಮ ನನ್ನತ್ತ ತಿರುಗಿಯೂ ನೋಡದೆ ಕೆಂಚನನ್ನು ಎತ್ತಿಕೊಂಡು ಹೋದಳು.

ಆ ವರ್ಷದ ನನ್ನ ಸ್ಲೈಡುಗಳನ್ನೆಲ್ಲ ಡಾಕ್ಟರು ಮತ್ತೆ ಮಾಡಿಸಿದರು. ಒಂದೂ ಬಿಡದೆ ಮಾಡಿದೆ. ಸಿದ್ದಾಜಮ್ಮ ಮೂರು ತಿಂಗಳು ನನ್ನೊಡನೆ ಮಾತು ಬಿಟ್ಟಿದ್ದಳು. ಒಂದು ಮಧ್ಯಾಹ್ನ ಸೀದಾ ಒಳಗೆ ಬಂದು, ನನ್ನ ಕೈ ಹಿಡಿದು ಗೂಡಿನತ್ತ ಎಳೆದೊಯ್ದು, ಅದನ್ನು ಕೆಂಚನ ಬೆನ್ನಿನ ಮೇಲಿಟ್ಟಳು. ನನ್ನ ಕೈಯ ವಾಸನೆಗೆ ಅವನು ಒಮ್ಮೆ ನಡುಗಿದ, ಆದರೆ ಕದಲಲಿಲ್ಲ. ಚೌಕದ ತುಂಬ ರಾಗಿಯ ಕೂಳೆಯಂತೆ ಕೂದಲು ಅಂಗೈಗೆ ಚುಚ್ಚಿತು, ಉಳಿದ ಮೈಗಿಂತ ಒಂದಿಷ್ಟು ಕಪ್ಪಗೆ.